ಸರದಿ ನಿಂತ ಮನೆ

ಇಚಿಲಂಪಾಡಿಯಲ್ಲಿ ಬಸ್ಸಿಳಿದು ಕಮಲಾವತಿಯ ಮನೆ ಎಲ್ಲಿ ಎಂದು ಕೇಳಿದರೆ ಜನ ಸ್ವಲ್ಪ ಯೋಚಿಸುತ್ತಾರೆ. ಹಪ್ಪಳದ ಶೆಡ್ಡು ಎಲ್ಲಿ ಎಂದು ಕೇಳಿ ನೋಡಿ, ಅಂಗಡಿಯವನು ತಕ್ಕಡಿ ಬಿಟ್ಟು ಹೊರಗೆ ಬಂದು ಕೈ ತೋರಿಸುತ್ತಾನೆ. ಎರಡೂ ಒಂದೇ ಜಾಗ. ಮನೆಯ ಅಂಗಳದಲ್ಲೇ ಶೆಡ್ಡು ನಿಂತಿದೆ. ನೀಲಿ ತಗಡಿನ ಮಾಡು, ಗೋಡೆಯ ಮೇಲೆ 'ಸೌಖ್ಯ ಮಹಿಳಾ ಒಕ್ಕೂಟ' ಎಂಬ ದಪ್ಪ ಅಕ್ಷರ, ಅದರ ಕೆಳಗೆ ಹಣ ಕೊಟ್ಟ ಬೆಂಗಳೂರಿನ ಪ್ರತಿಷ್ಠಾನದ ಗುರುತು. ರಸ್ತೆಯಿಂದ ನೋಡಿದರೆ ಹಿಂದಿರುವ ಮನೆಯ ಹಂಚಿನ ಒಂದು ಮೂಲೆ ಮತ್ತು ತುಳಸಿಕಟ್ಟೆಯ ಅರ್ಧ ಮಾತ್ರ ಕಾಣುತ್ತದೆ.

ಕಮಲಾವತಿಗೆ ಐವತ್ತರ ಹತ್ತಿರ ವಯಸ್ಸು. ತವರು ಸುಳ್ಯದ ಕಡೆ, ಮನೆಮಾತು ಅರೆಭಾಷೆ. ಗಂಡ ಡೊಂಬಯ್ಯ ಕಡಬದಿಂದ ಹಳ್ಳಿಗಳಿಗೆ ಜೀಪು ಓಡಿಸುತ್ತಾನೆ. ಜೀಪು ಹತ್ತಿದ ಹೊಸಬರು ಯಾರಾದರೂ "ನಿಮ್ಮ ಮನೆ ಎಲ್ಲಿ ಆಯ್ತು?" ಎಂದು ಕೇಳಿದರೆ ಅವನ ಉತ್ತರ ಒಂದೇ. "ಒಕ್ಕೂಟದ ಕಟ್ಟಡದ ಹಿಂದೆ ನಂಗೊಂದು ಕೋಣೆ ಕೊಟ್ಟಿದ್ದಾರೆ ಮಾರಾಯ್ರೆ. ಬಾಡಿಗೆ ಇಲ್ಲ, ಆದ್ರೆ ಮೀಟಿಂಗ್ ಇದ್ದ ದಿವಸ ಊಟ ತಡ." ಜೀಪಿನವರೆಲ್ಲ ನಗುತ್ತಾರೆ. ಕಮಲಾವತಿಯೂ ಮೊದಮೊದಲು ನಗುತ್ತಿದ್ದಳು.

ಇವಳು ಅಧ್ಯಕ್ಷೆಯಾದ ಕತೆ ಹೇಳಬೇಕಾದರೆ ಹಲಸಿನ ಹಪ್ಪಳದಿಂದಲೇ ಶುರು ಮಾಡಬೇಕು. ಹಲಸಿನ ಹಪ್ಪಳ ಒಬ್ಬರ ಕೆಲಸವಲ್ಲ. ಕಾಯಿ ಕೊಯ್ದು ಸೊಳೆ ಬಿಡಿಸಬೇಕು, ಬೇಯಿಸಬೇಕು, ಬಿಸಿ ಆರುವ ಮೊದಲು ಗುದ್ದಬೇಕು, ಉಂಡೆ ಕಟ್ಟಬೇಕು, ಒತ್ತಬೇಕು, ಚಾಪೆಯ ಮೇಲೆ ಹರಡಿ ಕಾಗೆ ಓಡಿಸಬೇಕು. ಅದಕ್ಕೇ ಆ ಕೇರಿಯ ಹೆಂಗಸರು ಸರದಿ ಇಟ್ಟುಕೊಂಡಿದ್ದರು. ಬೇಸಗೆ ಬಂತೆಂದರೆ ಇವತ್ತು ಒಂದು ಮನೆ, ನಾಳೆ ಇನ್ನೊಂದು ಮನೆ. ಯಾರ ಮನೆಯಲ್ಲಿ ಹಪ್ಪಳವೋ ಆ ಮನೆಯವಳು ಆ ದಿನದ ಯಜಮಾನಿ. ಅವಳು ಹೇಳಿದಷ್ಟೇ ಉಪ್ಪು, ಅವಳು ಹೇಳಿದಷ್ಟೇ ಖಾರ, ಕಾಫಿಯೂ ಅವಳದ್ದೇ. ಸಂಜೆ ಒತ್ತುವ ಮಣೆಯನ್ನು ತೊಳೆದು ಒರೆಸಿ ಮರುದಿನದ ಮನೆಗೆ ದಾಟಿಸುತ್ತಿದ್ದರು. ಹಲಸಿನ ಮರದ್ದೇ ಮಣೆ, ಎರಡು ಹಲಗೆಗಳನ್ನು ಬಿಜಾಗರಿ ಹಾಕಿ ಕೂಡಿಸಿದ್ದು, ಒಬ್ಬಳು ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರ. ಮಣೆ ದಾಟಿತೆಂದರೆ ಯಜಮಾನಿಕೆಯೂ ದಾಟಿತು.

ಬಾಗಿಲಿಗೆ ಬಂದ ಮಣೆಯನ್ನು ಬೇಡ ಎನ್ನುವ ಹಾಗಿರಲಿಲ್ಲ. ತಲೆನೋವು, ನೆಂಟರು, ಗಂಡನ ಸಿಟ್ಟು, ಯಾವುದೂ ನಡೆಯುತ್ತಿರಲಿಲ್ಲ. ಹೆರಿಗೆಯಾಗಿ ಅಮೆಯ ಮೈಲಿಗೆ ಇದ್ದ ಮನೆಯನ್ನು, ಸಾವಾಗಿ ಸೂತಕ ಇದ್ದ ಮನೆಯನ್ನು ಮಾತ್ರ ಮಣೆ ಬಿಟ್ಟು ಮುಂದೆ ಹೋಗುತ್ತಿತ್ತು. ಯಾರಿಗೆ ಎಷ್ಟು ದಿನದ ಅಮೆ, ಯಾರಿಗೆ ಇಲ್ಲ ಎನ್ನುವ ಸಂಶಯ ಬಂದರೆ ಎಲ್ಲರೂ ನೋಡುತ್ತಿದ್ದದ್ದು ವಸುಮತಿಯವರ ಮುಖವನ್ನು. ತೋಟದ ಮನೆಯ ವಸುಮತಿಗೆ ಇಂಥ ವಿಷಯಗಳು ನಾಲಿಗೆಯ ತುದಿಯಲ್ಲಿದ್ದವು. ಪಕ್ಕದ ಮನೆಯ ರುಕಿಯಾ ಬ್ಯಾರಿ ಮುಸ್ಲಿಮರ ಪೈಕಿ, ಅವಳ ಮನೆಯಲ್ಲಿ ಅಮೆಯ ಲೆಕ್ಕ ಇಲ್ಲ. ಆದರೂ ಮಣೆಯ ಮಟ್ಟಿಗೆ ಅವಳೂ ಈ ಕಟ್ಟನ್ನು ಪಾಲಿಸುತ್ತಿದ್ದಳು, ಬೇರೆಯವರು ಮರೆತರೆ ನೆನಪಿಸುವವಳೂ ಅವಳೇ.

ಹೀಗಿರುವಾಗ ಒಂದು ಬೇಸಗೆಯಲ್ಲಿ ಗಿರಿಧರ ಬಂದ. ಪ್ರತಿಷ್ಠಾನದ ಪರವಾಗಿ ಹಳ್ಳಿ ಸುತ್ತುವ ಹುಡುಗ, ಊರು ಪುತ್ತೂರಿನ ಕಡೆ, ಮಾತು ಮೆತ್ತಗೆ. ಜೊತೆಗೆ ಬೆಂಗಳೂರಿನ ಇಬ್ಬರು. ಹೆಂಗಸರು ಅವರಿಗೆ ಆವತ್ತೇ ಫಂಡಿನವರು ಎಂದು ಹೆಸರಿಟ್ಟರು. ಫಂಡಿನವರು ಹಪ್ಪಳ ತಿಂದರು, ಹೊಗಳಿದರು, ಫೋಟೋ ತೆಗೆದರು. ಆಮೇಲೆ ಗಿರಿಧರ ಕೇಳಿದ, "ನಿಮ್ಮಲ್ಲಿ ಮುಂದಾಳು ಯಾರು?"

ಎಲ್ಲರೂ ಒಟ್ಟಿಗೆ ಕಮಲಾವತಿಯನ್ನು ತೋರಿಸಿದರು. ತೋರಿಸದೆ ಏನು ಮಾಡಿಯಾರು? ಆವತ್ತು ಹಪ್ಪಳ ಅವಳ ಮನೆಯಲ್ಲಿತ್ತು. ಒಂದು ದಿನ ಮೊದಲು ಬಂದಿದ್ದರೆ ರುಕಿಯಾಳನ್ನು ತೋರಿಸುತ್ತಿದ್ದರು, ಒಂದು ದಿನ ತಡವಾಗಿದ್ದರೆ ವಸುಮತಿಯವರನ್ನು. ಇದು ಈವತ್ತಿನ ಮಟ್ಟಿಗೆ ಎಂದು ಬಿಡಿಸಿ ಹೇಳಬೇಕೆಂದು ಒಬ್ಬಳಿಗೂ ಹೊಳೆಯಲಿಲ್ಲ, ಎಲ್ಲರಿಗೂ ಗೊತ್ತಿರುವುದನ್ನು ಹೇಳುವುದೇನು! ಫಂಡಿನವರು ಬರೆದುಕೊಂಡು ಹೋದರು. ಒಂದು ದಿನದ ಯಜಮಾನಿಕೆ ಕಾಯಂ ಆದದ್ದು ಹೀಗೆ.

ಮಳೆ ಕಳೆದ ಮೇಲೆ ಹಣ ಮಂಜೂರಾಯಿತು. ಶೆಡ್ಡಿಗೆ ರಸ್ತೆ ಬದಿಯ ಜಾಗ ಬೇಕು ಎಂದರು, ಮುಂದಾಳುವಿನ ಅಂಗಳವೇ ರಸ್ತೆ ಬದಿಯಲ್ಲಿತ್ತು. ಕಮಲಾವತಿ ಸಂತೋಷದಿಂದಲೇ ಒಪ್ಪಿದಳು, ಅದನ್ನು ಮುಚ್ಚಿಡಬಾರದು. ಅರೆಯುವ ಯಂತ್ರ, ಒತ್ತುವ ಯಂತ್ರ, ಮಳೆಗಾಲದಲ್ಲೂ ಒಣಗಿಸುವ ಡ್ರೈಯರು ಬಂದವು. ಪುತ್ತೂರಿನ ಸಭೆಯಲ್ಲಿ ಅವಳ ಕೈಗೆ ಮೈಕು ಕೊಟ್ಟಾಗ ಅವಳ ಮಾತು ಎಲ್ಲೂ ನಿಲ್ಲಲಿಲ್ಲ. ಕುಂಬ್ರದ ಅಂಗಡಿಯವರು ಅವಳ ಹೆಸರು ಹೇಳಿ ಹಪ್ಪಳ ತರಿಸಿಕೊಂಡರು. ಜನ ಮೇಡಂ ಎಂದರು. ಅವಳಿಗೆ ಅದೆಲ್ಲ ರುಚಿಸಿತು. ಯಾರಿಗೆ ರುಚಿಸುವುದಿಲ್ಲ?

ಯಂತ್ರ ಬಂದ ಮೇಲೆ ಮಣೆಗೆ ಕೆಲಸವಿಲ್ಲದಾಯಿತು. ಅದು ಕಮಲಾವತಿಯ ಅಟ್ಟ ಸೇರಿತು. ಸರದಿ ಅವಳ ಮನೆಯಲ್ಲಿ ನಿಂತದ್ದು ನಿಂತೇ ಹೋಯಿತು.

ರುಚಿ ಬೇಗ ಇಳಿಯಿತು. ಬೀಗದ ಕೈ ಅವಳ ಅಡುಗೆಮನೆಯ ಮೊಳೆಯಲ್ಲಿದ್ದುದರಿಂದ ಬೆಳಗಾದರೆ ಅಡುಗೆಮನೆಯೇ ದಾರಿಯಾಯಿತು. ಕರೆಂಟು ಹೋದರೆ ಅವಳನ್ನೇ ಕೂಗಿದರು, ಇಬ್ಬರು ಹೆಂಗಸರು ಜಗಳಾಡಿದರೂ ಅವಳನ್ನೇ ಕೂಗಿದರು. ತಿಂಗಳ ವರದಿ, ತಿಂಗಳ ಫೋಟೋ, ನಾಳೆ ವಿಸಿಟ್ ಉಂಟು ಎಂದು ಗಿರಿಧರನ ಫೋನು. ವಿಸಿಟ್ ಎಂದರೆ ಅಂಗಳಕ್ಕೆ ಸೆಗಣಿ ಸಾರಿಸಬೇಕು, ಎಲ್ಲರೂ ಒಂದೇ ಬಣ್ಣದ ಸೀರೆ ಉಡಬೇಕು, ಬಂದವರ ಮುಂದೆ ಕಮಲಾವತಿ ತನ್ನ ಕತೆ ಹೇಳಬೇಕು. ಮೊದಲು ಅಡುಗೆಮನೆಯಲ್ಲಿ ಇದ್ದೆ, ಈಗ ಹೊರಗೆ ಬಂದೆ ಎಂಬ ಕತೆ. ಅಡುಗೆಮನೆಗೇ ಊರು ನುಗ್ಗಿದ ಕತೆಯನ್ನು ಯಾರೂ ಕೇಳಲಿಲ್ಲ.

ಇದನ್ನೆಲ್ಲ ಅವಳು ಸಹಿಸಿಕೊಂಡಳು. ಸಹಿಸಲಾಗದ್ದು ಒಂದು ನಡೆಯಿತು.

ಮಗಳು ಸುರಕ್ಷಾಳನ್ನು ಸುಳ್ಯಕ್ಕೆ ಕೊಟ್ಟಿತ್ತು. ಚೊಚ್ಚಲ ಹೆರಿಗೆಗೆ ಅವಳು ತಾಯಿಮನೆಗೆ ಬಂದಳು. ಪುತ್ತೂರಿನಲ್ಲಿ ಹೆತ್ತು, ಹೆಣ್ಣುಮಗುವನ್ನು ಎತ್ತಿಕೊಂಡು ಇದೇ ಮನೆಗೆ ಬಂದಳು. ಮನೆಯಲ್ಲಿ ಅಮೆ. ಶೆಡ್ಡು ಕೆಲವು ದಿನ ಮುಚ್ಚೋಣ ಎಂದು ಕಮಲಾವತಿ ಅಂದಳು. ಆದರೆ ಹಪ್ಪಳಕ್ಕೆ ಬೇಡಿಕೆ ಬಂದು ಕೂತಿತ್ತು. ಹೆಂಗಸರು ವಸುಮತಿಯವರ ಮುಖ ನೋಡಿದರು.

"ಅಮೆ ಮನೆಗೆ, ಮಣೆಗೆ," ಎಂದರು ವಸುಮತಿ. "ಮೆಷಿನ್‌ಗೆ ಎಂತ ಅಮೆ?"

ಶೆಡ್ಡು ಮುಚ್ಚಲಿಲ್ಲ. ಬಾಣಂತಿಯ ಕೋಣೆಯ ಗೋಡೆಗೂ ಅರೆಯುವ ಯಂತ್ರಕ್ಕೂ ನಡುವೆ ಇದ್ದದ್ದು ಒಂದು ಓಣಿ. ಯಂತ್ರ ಶುರುವಾದಾಗಲೆಲ್ಲ ಮಗು ಬೆಚ್ಚಿ ಅಳುತ್ತಿತ್ತು. ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುವ ಹೊತ್ತಿಗೆ ಸರಿಯಾಗಿ ಯಾರಾದರೂ ಬೀಗದ ಕೈ ಕೇಳುತ್ತಾ ಬರುತ್ತಿದ್ದರು. ಅರ್ಧ ಮಿಂದ ಮಗಳನ್ನು ಬಚ್ಚಲಲ್ಲಿ ಬಿಟ್ಟು ಕಮಲಾವತಿ ಓಡುತ್ತಿದ್ದಳು. ಕೊನೆಗೆ ಒಂದು ವಿಸಿಟ್ ಬಂತು. ಬಂದವರಲ್ಲೊಬ್ಬರು ಒಳಗೆ ಇಣುಕಿ, ಮಗುವಿಗೆ ಹಾಲು ಕೊಡುತ್ತಿದ್ದ ಸುರಕ್ಷಾಳ ಫೋಟೋ ತೆಗೆದರು. ಫಲಾನುಭವಿಯ ಕುಟುಂಬ ಎಂದರು. ಕಮಲಾವತಿ ಬಾಗಿಲಲ್ಲೇ ನಿಂತಿದ್ದಳು. ಬೇಡ ಎನ್ನಲು ಬಾಯಿ ತೆರೆದಳು, ಆದರೆ ಅಷ್ಟು ಹೊತ್ತೂ ವಿಸಿಟಿನ ಮಾತಾಡಿದ್ದ ಬಾಯಿಗೆ ಆ ಒಂದು ಶಬ್ದ ಸಮಯಕ್ಕೆ ಸಿಗಲಿಲ್ಲ.

ಮರುದಿನ ಸುರಕ್ಷಾ ಬಟ್ಟೆ ಮಡಚಿ ಚೀಲಕ್ಕೆ ತುಂಬಿದಳು. ಬಾಣಂತನ ಅರ್ಧವೂ ಆಗಿರಲಿಲ್ಲ.

"ಇದು ಮನೆ ಅಲ್ಲ ಅವ್ವ, ಆಫೀಸು," ಎಂದಳು. ಸಿಟ್ಟಿನಿಂದಲ್ಲ, ಮೆಲ್ಲಗೆ. ಉಳಿದ ಬಾಣಂತನವನ್ನು ಅತ್ತೆ ಮಾಡಿದರು. ಆ ಮಾತು ಕಮಲಾವತಿಯ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಉಳಿಯಿತು.

ಈ ವರ್ಷ ಸುರಕ್ಷಾ ಮತ್ತೆ ಬಸುರಿ. ತಾಯಿಮನೆಗೆ ಬರುವುದಿಲ್ಲ ಎಂದು ಮೊದಲೇ ಹೇಳಿದಳು. ಅತ್ತೆಗೆ ಈಗ ಸೊಂಟ ನೋವು, ಬಗ್ಗಲು ಆಗುವುದಿಲ್ಲ.

"ನೀನೇ ಇಲ್ಲಿಗೆ ಬಂದು ಇರ್ತೀಯಾ ಅವ್ವ? ಬರ್ಲಿಕ್ಕೆ ಆಗ್ತದಾ ನಿಂಗೆ?"

"ಬರ್ತೇನೆ ಮಗ. ಈ ಸಲ ದೇವರೇ ಅಡ್ಡ ಬಂದ್ರೂ ಬರ್ತೇನೆ," ಎಂದಳು ಕಮಲಾವತಿ. ಫೋನಿಟ್ಟ ಮೇಲೆ ಅವಳಿಗೆ ಹೆದರಿಕೆಯಾಯಿತು. ದೇವರು ಅಡ್ಡ ಬರಲಿಕ್ಕಿಲ್ಲ, ಒಕ್ಕೂಟ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಹಲಸು ಬಲಿಯುವ ಹೊತ್ತಿಗೆ ಅವಳು ಸಭೆ ಕರೆದು ಹೇಳಿಬಿಟ್ಟಳು. "ನಂಗೆ ಸಾಕು. ಬೇರೆ ಯಾರಾದ್ರೂ ಅಧ್ಯಕ್ಷೆ ಆಗಿ."

ಯಾರೂ ಜಗಳಾಡಲಿಲ್ಲ. ಜಗಳಾಡಿದ್ದರೆ ಒಳ್ಳೆಯದಿತ್ತು, ಎದ್ದು ಹೋಗಬಹುದಿತ್ತು. ಬದಲಿಗೆ ಎಲ್ಲರೂ ಪ್ರೀತಿಯಿಂದ ನೋಡಿದರು. ನೀವಿಲ್ಲದೆ ಹೇಗೆ, ನಿಮ್ಮ ಹಾಗೆ ಮಾತಾಡಲು ನಮಗೆ ಬರುವುದಿಲ್ಲ, ನಿಮ್ಮ ಕೈಗುಣ. ಒಬ್ಬಳು ಕಣ್ಣೊರೆಸಿಕೊಂಡಳು. ಪ್ರತಿ ವರ್ಷವೂ ಹೀಗೆಯೇ ನಡೆದು, ಕೊನೆಗೆ ಚಪ್ಪಾಳೆಯಾಗಿ, ಕಮಲಾವತಿ ಇನ್ನೊಂದು ವರ್ಷಕ್ಕೆ ಕೂತುಬಿಡುತ್ತಿದ್ದಳು.

ಈ ಸಲ ಅವಳು ಕೂರಲಿಲ್ಲ. ಮನೆಯೊಳಗೆ ಹೋಗಿ, ಅಟ್ಟಕ್ಕೆ ಏಣಿ ಇಟ್ಟು, ಧೂಳು ಹಿಡಿದ ಮಣೆಯನ್ನು ಇಳಿಸಿದಳು. ಸೆರಗಿನಲ್ಲಿ ಒರೆಸಿ, ಶೆಡ್ಡಿಗೆ ತಂದು, ರುಕಿಯಾಳ ಮುಂದೆ ಚಾಚಿದಳು. ಮಣೆಯ ಮೇಲೆ ಬೀಗದ ಕೈ ಇತ್ತು.

"ಸರದಿ ನಮ್ಮ ಮನೆಯಲ್ಲಿ ನಿಂತು ಎಷ್ಟು ಕಾಲ ಆಯ್ತು ರುಕಿಯಾ? ನಮ್ಮ ನಂತ್ರ ಯಾರದ್ದು?"

"ನಮ್ಮದಾದ ಮೇಲೆ ನಿಮ್ದು, ನಿಮ್ದಾದ ಮೇಲೆ ವಸುಮತಿ ಅಕ್ಕನದ್ದು," ಎಂದಳು ರುಕಿಯಾ, ಬೆಪ್ಪಾಗಿ.

"ನಂಗೆ ಈ ಬೇಸಗೆ ಅಡಿಕೆ ಕೆಲಸ ಉಂಟು," ಎಂದು ವಸುಮತಿ ಅಂದರು.

"ಹಾಗಾದ್ರೆ ಸರದಿ ಒಂದು ಮನೆ ಹಿಂದೆ ಹೋಗಿ ರುಕಿಯಾಳಿಂದ ಶುರುವಾಗ್ಲಿ, ಮಣೆ ಇನ್ನೂ ನಿಮ್ಮ ಬಾಗಿಲಿಗೆ ಬರ್ಲಿಲ್ಲ," ಎಂದಳು ಕಮಲಾವತಿ. "ಹಿಡಿ ರುಕಿಯಾ. ಬಂದ ಮಣೆ ಬೇಡ ಅಂತ ಹೇಳ್ಲಿಕ್ಕೆ ಇಲ್ಲ. ನಿನ್ನ ಮನೆಯಲ್ಲಿ ಅಮೆ ಉಂಟಾ, ಸೂತಕ ಉಂಟಾ?"

ರುಕಿಯಾ ಸುತ್ತ ನೋಡಿದಳು. ಮಣೆಯ ವಿಷಯದಲ್ಲಿ ಬೇರೆಯವರಿಗೆ ಕಟ್ಟು ನೆನಪಿಸುತ್ತಿದ್ದವಳು ಅವಳು. ಎರಡೂ ಕೈ ಚಾಚಿ ತೆಗೆದುಕೊಂಡಳು. ಹಳೆಯ ಹೆಂಗಸರು ಗೊಳ್ಳೆಂದು ನಕ್ಕರು. ಒಬ್ಬಳು ಓಡಿ ಹೋಗಿ ಬೆಲ್ಲ ತಂದಳು.

ಆಮೇಲಿನ ದಿನಗಳಷ್ಟು ಹಗುರವಾದ ದಿನಗಳನ್ನು ಕಮಲಾವತಿ ಎಷ್ಟೋ ಕಾಲದಿಂದ ಕಂಡಿರಲಿಲ್ಲ. ರುಕಿಯಾ ಬೆಳಿಗ್ಗೆ ಬಂದು ತಾನೇ ಬೀಗ ತೆಗೆಯುತ್ತಿದ್ದಳು. ಮಾತಾಡಲು ಬರುವುದಿಲ್ಲ ಎಂದವಳು ಕುಂಬ್ರದ ಅಂಗಡಿಯವನಿಗೆ ಫೋನಿನಲ್ಲಿ ಗದರಿಸುವುದು ಕೇಳುತ್ತಿತ್ತು. ಕಮಲಾವತಿ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಬಾಣಂತಿಗೆಂದು ಒಳ್ಳೆಮೆಣಸು, ಶುಂಠಿ, ಬೆಲ್ಲ ಹಾಕಿ ಲೇಹ ಕಾಯಿಸಿದಳು. ಹಳೆಯ ಮೆತ್ತನೆಯ ಸೀರೆಗಳನ್ನು ಹರಿದು ಮಗುವಿನ ಬಟ್ಟೆ ಮಾಡಿದಳು. ಚೀಲ ತುಂಬಿಸಿ ಬಾಗಿಲ ಹಿಂದೆ ಇಟ್ಟಳು. ದಿನಕ್ಕೆ ನಾಲ್ಕು ಸಲ ಅದನ್ನು ನೋಡಿ ಬರುತ್ತಿದ್ದಳು.

"ಜೀಪಿಗೆ ಡೀಸೆಲ್ ತುಂಬಿಸಿ ಇಟ್ಟಿದ್ದೇನೆ," ಎಂದು ಡೊಂಬಯ್ಯ ಹೇಳಿದ. "ಸುಳ್ಯದಿಂದ ಫೋನ್ ಬಂದ್ರೆ ಪಂಜದ ದಾರಿಯಲ್ಲಿ ಒಂದೇ ಓಟ."

ಗಿರಿಧರ ಬಂದದ್ದು ಆಗ. ಶೆಡ್ಡಿಗೆ ಹೋಗದೆ ನೇರ ಮನೆಗೆ ಬಂದು ಜಗಲಿಯಲ್ಲಿ ಕೂತ. ಹುಡುಗನ ತಲೆಯಲ್ಲಿ ಈಗ ಬಿಳಿ ಕೂದಲು.

"ಅಕ್ಕ, ನೀವು ಬಿಟ್ಟದ್ದು ಮೇಲಿನವರಿಗೆ ಗೊತ್ತಾಯ್ತು. ಇನ್ನು ಮೂರು ವರ್ಷಕ್ಕೆ ಫಂಡ್ ಕೊಡುವ ಮಾತು ಆಗಿತ್ತು. ಈಗ ನಿಮ್ಮ ಹೆಸರು ಇಲ್ಲದಿದ್ರೆ ಇಲ್ಲ ಅಂತಾರೆ."

"ಕೆಲಸ ನಡೀತಾ ಉಂಟಲ್ಲ? ರುಕಿಯಾ ನಂಗಿಂತ ಚಂದ ಮಾಡ್ತಾಳೆ."

"ನಂಗೆ ಗೊತ್ತುಂಟು. ಅವರಿಗೆ ಗೊತ್ತಿರುವುದು ನಿಮ್ಮ ಮುಖ. ಬೆಂಗಳೂರಿನ ಆಫೀಸಿನ ಗೋಡೆಯಲ್ಲಿ ನಿಮ್ಮ ಫೋಟೋ ಉಂಟು ಅಕ್ಕ. ಇಷ್ಟು ವರ್ಷ ನಾವೇ ಅಲ್ವಾ ಹೇಳಿದ್ದು, ಕಮಲಾವತಿ ಅಂದ್ರೆ ಒಕ್ಕೂಟ ಅಂತ?" ಅವನು ತಲೆ ತಗ್ಗಿಸಿದ. "ಫಂಡ್ ನಿಂತ್ರೆ ಯಂತ್ರ ವಾಪಸ್ ತಕೊಂಡು ಹೋಗ್ತಾರೆ. ಹಾಗೇ ಕರಾರು. ಈ ವಾರ ಅವರು ಬರ್ತಾರೆ, ನೀವು ಇರ್ಬೇಕು."

"ನಾನು ಇರುದಿಲ್ಲ," ಎಂದಳು ಕಮಲಾವತಿ. ತನ್ನ ಧ್ವನಿ ಗಟ್ಟಿಯಾದದ್ದು ಅವಳಿಗೇ ಆಶ್ಚರ್ಯವಾಯಿತು. "ನನ್ನ ಮಗಳು ಹೆರ್ಲಿಕ್ಕೆ ಉಂಟು. ನಾನು ಬಿಟ್ಟಾಯ್ತು ಗಿರಿಧರ. ಬೇಕಿದ್ರೆ ಆ ಫೋಟೋವನ್ನೇ ಕರ್ಕೊಂಡು ಬಂದು ಇಲ್ಲಿ ಕೂರಿಸ್ಲಿ."

ಗಿರಿಧರ ವಾದ ಮಾಡಲಿಲ್ಲ. ಎದ್ದು ಶೆಡ್ಡಿಗೆ ಹೋಗಿ ಹೆಂಗಸರಿಗೂ ಅದೇ ಮಾತು ಹೇಳಿ ಹೋದ. ಆ ಸಂಜೆ ಶೆಡ್ಡಿನಲ್ಲಿ ನಗು ಕೇಳಲಿಲ್ಲ. ರುಕಿಯಾಳ ಗಂಡ ಕುಂಞಿ ಮೋನು ಮರದಿಂದ ಬಿದ್ದ ಮೇಲೆ ಆ ಮನೆಯ ಒಲೆ ಉರಿಯುತ್ತಿದ್ದದ್ದು ಈ ಶೆಡ್ಡಿನಿಂದಲೇ ಎಂದು ಕಮಲಾವತಿಗೆ ಗೊತ್ತಿಲ್ಲದ್ದಲ್ಲ. ಅವಳು ಬಾಗಿಲು ಹಾಕಿಕೊಂಡು ಕೂತಳು. ತಾನು ತಪ್ಪು ಮಾಡುತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು, ಆದರೆ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಅಳಿಯನ ಫೋನು ಬಂತು. ಲೆಕ್ಕಕ್ಕಿಂತ ಮೊದಲೇ ಹೆರಿಗೆಯಾಗಿತ್ತು. ಗಂಡುಮಗು, ಇಬ್ಬರೂ ಸೌಖ್ಯ. ಕಮಲಾವತಿ ಅಳುತ್ತಾ ನಗುತ್ತಾ ಸೀರೆ ಬದಲಿಸಿದಳು. ಡೊಂಬಯ್ಯ ಚೀಲವನ್ನೂ ಲೇಹದ ಡಬ್ಬಿಯನ್ನೂ ಜೀಪಿನಲ್ಲಿಟ್ಟು ಇಂಜಿನ್ ಶುರು ಮಾಡಿದ. ಅವಳು ಮೆಟ್ಟು ಹಾಕಿಕೊಂಡು ಜಗಲಿಯಿಂದ ಇಳಿದಳು.

ಅಂಗಳದಲ್ಲಿ ಹೆಂಗಸರೆಲ್ಲ ನಿಂತಿದ್ದರು. ಮುಂದೆ ರುಕಿಯಾ, ಎರಡೂ ಕೈಯಲ್ಲಿ ಮಣೆ. ತೊಳೆದು, ಒರೆಸಿ, ಎಣ್ಣೆ ಹಚ್ಚಿದ್ದಳು. ಬೀಗದ ಕೈ ಅದರ ಮೇಲೆಯೇ ಇತ್ತು.

"ನಮ್ಮನೆಯ ಸರದಿ ಮುಗೀತು ಕಮಲಕ್ಕ," ಎಂದಳು. ಕಣ್ಣು ಮೇಲೆ ಎತ್ತಲಿಲ್ಲ. "ನಮ್ಮದಾದ ಮೇಲೆ ನಿಮ್ದು."

ಕಮಲಾವತಿ ಮಣೆಯನ್ನು ನೋಡಿದಳು. ತಾನು ಕಟ್ಟಿಕೊಟ್ಟ ಹಗ್ಗವೇ ತನ್ನ ಕಾಲಿಗೆ ಸುತ್ತಿಕೊಂಡಿತ್ತು. ಆಮೇಲೆ ಅವಳ ಮುಖ ಅರಳಿತು.

"ಮಣೆ ನಮ್ಮನೆಗೆ ಬರ್ಲಿಕ್ಕೆ ಇಲ್ಲ ರುಕಿಯಾ! ನಮಗೆ ಅಮೆ. ಸುರಕ್ಷಾ ಹೆತ್ತಳು, ಈಗ ಫೋನ್ ಬಂತು. ಗಂಡುಮಗು! ಮಣೆ ಮುಂದೆ ಹೋಗ್ಲಿ."

ರುಕಿಯಾಳ ಮುಖವೂ ಅರಳಿತು. ಅವಳಿಗೂ ಅದೇ ಬೇಕಿತ್ತೋ ಏನೋ, ಮಣೆಯನ್ನು ತನ್ನ ಎದೆಗೆ ಎಳೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಇಬ್ಬರು ಮೂವರು ಒಳ್ಳೆಯದಾಯಿತು ಎಂದರು. ಉಳಿದವರು ಅಭ್ಯಾಸಬಲದಿಂದ ವಸುಮತಿಯವರ ಮುಖ ನೋಡಿದರು.

ವಸುಮತಿ ಕೆಟ್ಟ ಹೆಂಗಸಲ್ಲ. ಕೇಳಿದ್ದಕ್ಕೆ ಗೊತ್ತಿದ್ದದ್ದನ್ನು ಹೇಳುವವರು, ಅಷ್ಟೇ.

"ಮಗು ಸುಖವಾಗಿರ್ಲಿ ಕಮಲ," ಎಂದರು. "ಆದ್ರೆ ಅಮೆ ನಿಮಗೆ ಹೇಗೆ ಬರ್ತದೆ? ಕೊಟ್ಟ ಹೆಣ್ಣು. ಹೆತ್ತದ್ದು ಅವಳ ಗಂಡನ ಮನೆ ಲೆಕ್ಕಕ್ಕೆ. ಅಮೆ ಅವರಿಗೆ. ಇಲ್ಲಿಗೆ ಬಂದು ಬಾಣಂತನ ಮಾಡಿಸಿಕೊಂಡಿದ್ರೆ ನಿಮ್ಮ ಮನೆಗೆ ಇತ್ತು. ಇಲ್ಲಿಗೆ ಬರ್ಲಿಲ್ಲ ಅಲ್ವಾ ಅವಳು?"

ಜೀಪು ರಸ್ತೆಯಲ್ಲಿ ಗುಡುಗುಡು ಎನ್ನುತ್ತಿತ್ತು. ಕಮಲಾವತಿ ಶೆಡ್ಡನ್ನು ನೋಡಿದಳು, ಶೆಡ್ಡಿನ ಹಿಂದೆ ಬಾಣಂತಿಯ ಕೋಣೆಯ ಮುಚ್ಚಿದ ಕಿಟಕಿಯನ್ನು ನೋಡಿದಳು. ಮಗಳು ಇಲ್ಲಿಗೆ ಯಾಕೆ ಬರಲಿಲ್ಲ ಎಂಬುದನ್ನು ಕೂಗಿ ಹೇಳಬೇಕೆನಿಸಿತು. ಹೇಳಿದರೆ ರುಕಿಯಾಳ ಮನೆಯ ಒಲೆಗೆ ನೀರು ಹೊಯ್ದ ಹಾಗೆ. ಹೆಂಗಸರು ಒಬ್ಬೊಬ್ಬರಾಗಿ ನೆಲ ನೋಡತೊಡಗಿದರು. ರುಕಿಯಾ ಭಾರದ ಮಣೆಯನ್ನು ಎದೆಗೆ ಒತ್ತಿ ಹಿಡಿದೇ ನಿಂತಿದ್ದಳು.

"ಕೊಡು," ಎಂದಳು ಕಮಲಾವತಿ.

ಡೊಂಬಯ್ಯ ಜೀಪಿನಿಂದಲೇ ನೋಡುತ್ತಿದ್ದ. ಇಳಿದು ಬಂದು, ಅವಳ ಕೈಯಲ್ಲಿದ್ದುದನ್ನು ನೋಡಿ, ಏನೋ ತಮಾಷೆ ಹೇಳಲು ಹೊರಟು ಸುಮ್ಮನಾದ. ಆಮೇಲೆ ಒಬ್ಬನೇ ಹೋದ. ಲೇಹದ ಡಬ್ಬಿ ಉರುಳದಂತೆ ಪಕ್ಕದ ಸೀಟಿನಲ್ಲಿ ಅವಳ ಚೀಲಕ್ಕೆ ಒರಗಿಸಿ ಇಟ್ಟಿದ್ದ.

ಹೆಂಗಸರು ಶೆಡ್ಡಿನೊಳಗೆ ಹೋದರು. ವಿಸಿಟಿಗೆ ಮೊದಲು ಮುಗಿಸಬೇಕಾದ ಹಿಟ್ಟು ಬಹಳ ಇತ್ತು. ಸ್ವಲ್ಪ ಹೊತ್ತಿನಲ್ಲಿ ಕಮಲಾವತಿಯ ಫೋನು ಹೊಡೆದುಕೊಂಡಿತು. ಸುರಕ್ಷಾಳ ಧ್ವನಿ ಸೋತಿತ್ತು, ಆದರೆ ಖುಷಿಯಿತ್ತು.

"ಹೊರಟೆಯಾ ಅವ್ವ? ಎಲ್ಲಿಗೆ ಮುಟ್ಟಿದೆ?"

"ಅಪ್ಪ ಬರ್ತಾ ಇದ್ದಾರೆ ಮಗ," ಎಂದಳು ಕಮಲಾವತಿ. "ಲೇಹ ಕಳಿಸಿದ್ದೇನೆ. ಬೆಳಿಗ್ಗೆ ಬರೀ ಹೊಟ್ಟೆಗೆ ತಿನ್ನು. ನಾನು ಒಂದೆರಡು ದಿವಸದಲ್ಲಿ..."

ಆ ಕಡೆ ಸುರಕ್ಷಾ ಕಿವಿಗೊಟ್ಟು ಕೇಳುತ್ತಿದ್ದಳು.

"ಮೆಷಿನ್ ಶಬ್ದ ಕೇಳ್ತಾ ಉಂಟು ಅವ್ವ," ಎಂದಳು ಕೊನೆಗೆ. "ಇಡ್ತೇನೆ. ಮಗು ಈಗಷ್ಟೇ ಮಲಗಿದ್ದು."